ಅಂಗಳ ದಾಟದ ಬೈಕು

ಮೊದಲನೇ ಗುದ್ದಿಗೇ ಕೆಂಚಪ್ಪನ ಮುಂದಿನ ಹಲ್ಲು ಮುರಿಯಿತು. ಎರಡನೆಯದಕ್ಕೆ ಅವನು ಮಾಯಣ್ಣನ ಗ್ಯಾರೇಜಿನ ಬಾಗಿಲಿಗೆ ಬಡಿದುಕೊಂಡು ಕುಸಿದ. ಹೊಡೆಯುತ್ತಿದ್ದವನು ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ತಮ್ಮ ಬೆಟ್ಟಸ್ವಾಮಿ. ಅಪ್ಪನ ತಿಥಿಗೆ ಬೋಳಿಸಿದ ತಲೆಯಲ್ಲಿ ಇನ್ನೂ ಕೂದಲು ಚಿಗುರಿರಲಿಲ್ಲ.

"ಕೆಟ್ಟೋಗಿರೋ ಗಾಡಿ ನನ್ ತಲೆಗೆ ಕಟ್ಟಿ ನಮ್ಮಪ್ಪನ್ನ ಕೊಂದ್ಯಲ್ಲೋ, ಪಾಪಿ!"

"ನನ್ ಕೈಲಿದ್ದಾಗ ಗೇರು ಸಲೀಸಾಗಿ ಬೀಳ್ತಿತ್ತು ಕಣ್ಲಾ. ಹೊಂಬಾಳಿ ಮೇಲಾಣೆ!"

"ನಮ್ಮಕ್ಕನ ಹೆಸರೆತ್ತಬ್ಯಾಡ!"

ತಾನು ಓಡಿಸುತ್ತಿದ್ದ ಹಳೆ ಬೈಕನ್ನು ಯುಗಾದಿಯಲ್ಲಿ ಕೆಂಚಪ್ಪನೇ ಅವನಿಗೆ ಮಾರಿದ್ದ. ಧನುರ್ಮಾಸದ ಒಂದು ಬೆಳಗಿನ ಜಾವ ಅಪ್ಪನಿಗೆ ಎದೆನೋವು ಬಂತು. ಬೆಟ್ಟಸ್ವಾಮಿ ಮುದುಕನನ್ನು ಟವಲಿನಿಂದ ಬೆನ್ನಿಗೆ ಕಟ್ಟಿಕೊಂಡು, ತಿಪಟೂರಿನ ಆಸ್ಪತ್ರೆಗೆಂದು ಬೈಕು ಹತ್ತಿದ. ಕಿಕ್ಕರ್ ಒದ್ದ, ಗೇರು ಹಾಕಿದ. ಬೈಕು ಮುಂದಕ್ಕೆ ಜಿಗಿದು ನಿಂತಿತು. ಮತ್ತೆ ಒದ್ದ, ಮತ್ತೆ ನಿಂತಿತು. ಹಾಳಾದ್ದು ಅಂಗಳವನ್ನೇ ದಾಟಲಿಲ್ಲ. ಅಪ್ಪ ಬೆನ್ನ ಮೇಲೆ ತಣ್ಣಗಾದದ್ದು ಅವನಿಗೇ ಮೊದಲು ಗೊತ್ತಾಯಿತು.

ಅದಕ್ಕೇ ಇವತ್ತು ಚಳಿಯಲ್ಲೇ ಬೈಕನ್ನು ಎತ್ತಿನ ಗಾಡಿಗೆ ಹೇರಿ, ಭಾವನನ್ನೂ ಹಾಸಿಗೆಯಿಂದೆಬ್ಬಿಸಿ ಕಿಬ್ಬನಹಳ್ಳಿಗೆ ಎಳೆದು ತಂದಿದ್ದ.

"ಬಿಚ್ಚು ಮಾಯಣ್ಣ. ಒಳಗೆ ಗೇರಿನ ಹಲ್ಲು ಸವೆದಿರೋದ ಈ ಕಳ್ಳಂಗೇ ತೋರ್ಸು," ಎಂದು ಬೆಟ್ಟಸ್ವಾಮಿ ಅಲ್ಲೇ ಬಿದ್ದಿದ್ದ ಸುತ್ತಿಗೆ ಎತ್ತಿಕೊಂಡ.

"ಬಿಚ್ತೀನಿ ಕಣಪ್ಪ, ಮೊದ್ಲು ಆ ಸುತ್ತಿಗೆ ಕೆಳಗಿಡು."

ಬೆಟ್ಟಸ್ವಾಮಿ ಇಡಲಿಲ್ಲ. ಬೈಕಿನ ಕೀಲಿಕೈ ಕೊಟ್ಟ ಕೈ ಇದೇ ತಾನೇ ಎಂದು ಭಾವನ ಬಲಗೈಯನ್ನು ಹೊಸ್ತಿಲ ಕಲ್ಲಿನ ಮೇಲೆ ಕಾಲಿನಿಂದ ಒತ್ತಿಹಿಡಿದು ಕುಟ್ಟಿದ. ಕೆಂಚಪ್ಪ ಕಿರುಚಿದ್ದು ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳಿಸಿತು. ಒಬ್ಬನಾದರೂ ಬಿಡಿಸಲು ಬಂದನೇ? ಥೂ, ಅವರ ಜನ್ಮಕ್ಕಿಷ್ಟು.

ಮಾಯಣ್ಣ ಗೇರ್ ಬಾಕ್ಸಿನ ತಳದ ಬೋಲ್ಟು ಬಿಚ್ಚಿದ. ಆಯಿಲು ಸುರಿಯಲಿಲ್ಲ. ಕಡ್ಡಿ ತೂರಿಸಿ ಎಳೆದರೆ ತುಪ್ಪದಂತೆ ಗಟ್ಟಿಯಾದ ಏನೋ ಅಂಟಿಕೊಂಡು ಬಂತು. ಮೂಸಿದ.

"ಕೊಬ್ಬರಿ ಎಣ್ಣೆ! ಚಳಿಗೆ ಹೆಪ್ಪುಗಟ್ಟಿ ಕ್ಲಚ್ ಪ್ಲೇಟೆಲ್ಲ ಅಂಟ್ಕಂಡವೆ. ಗೇರು ಹಾಕಿದ್ರೆ ಇಂಜಿನ್ ನಿಲ್ದೆ ಇನ್ನೇನಾಯ್ತದೆ? ಯಾರಪ್ಪಾ ಇದ ಹುಯ್ದಿದ್ದು?"

ಕೆಂಚಪ್ಪ ಜಜ್ಜಿದ ಕೈಯನ್ನು ಹೊಟ್ಟೆಗೆ ಅವುಚಿಕೊಂಡು ತಾನಲ್ಲವೆಂದು ತಲೆಯಾಡಿಸಿದ.

ಆಯುಧಪೂಜೆಯ ದಿನ ಕರಿ ಆಯಿಲನ್ನೆಲ್ಲ ಚೆಲ್ಲಿ, ನಮ್ಮ ತೋಟದ ಕೊಬ್ಬರಿ, ನಮ್ಮೂರ ಗಾಣ, ಇದಕ್ಕಿಂತ ಬೇರೆ ಬೇಕೇ ಎಂದು ಜಂಬದಿಂದ ತುಂಬಿಸಿದವನು ಬೆಟ್ಟಸ್ವಾಮಿಯೇ. ಎಣ್ಣೆ ಹುಯ್ಯಲು ಲಾಳಿಕೆ ಹಿಡಿದಿದ್ದವನು ಅಪ್ಪ. ಚಳಿ ಬೀಳುವವರೆಗೂ ಬೈಕು ಚೆನ್ನಾಗಿಯೇ ಓಡಿತ್ತು.

ಸುತ್ತಿಗೆ ಕೈಜಾರಿತು. "ಭಾವ..." ಎಂದ.

"ನಿಮ್ಮಪ್ಪ ನಂಗೂ ಮಾವ ಕಣ್ಲಾ," ಎಂದು ಕೆಂಚಪ್ಪ ರಕ್ತ ಉಗುಳಿದ. "ಇದೇ ಕೈಯಾಗೆ ಚಟ್ಟ ಹಿಡ್ದಿದ್ದೆ."

ಬಿಸಿಲೇರಿತು. ಬೈಕಿನ ತಳದಿಂದ ಎಣ್ಣೆ ಕರಗಿ ತೊಟ್ಟಿಕ್ಕತೊಡಗಿತು. ಮಾಯಣ್ಣ ಬಾಂಡಲಿ ತರಲು ಒಳಗೆ ಹೋದ. ಬೆಟ್ಟಸ್ವಾಮಿ ಬೋಳುತಲೆ ಬಗ್ಗಿಸಿ ಮಣ್ಣಿನಲ್ಲಿ ಕುಕ್ಕರಿಸಿ, ಎರಡೂ ಅಂಗೈ ಆ ಎಣ್ಣೆಯ ಕೆಳಗೆ ಒಡ್ಡಿದ.