ಸಾಲಿನ ಮೇಲೆ ಕೂತ ನೊಣಗಳು

"ಎಲ್ಲಾ ತೆಗೆದು ಹಾಕಿಬಿಟ್ರಾ, ಚಿಕ್ಕಮ್ಮ?"

ಗುಬ್ಬಿ ಟೈಪಿಂಗ್ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು. ಎದೆಗವಚಿಕೊಂಡ ಪ್ರಬಂಧದ ಕಟ್ಟನ್ನು ಬೆಳಿಗ್ಗೆ ತಾನೇ ಚಿಕ್ಕಮ್ಮ ಕೈಯಾರೆ ಕಟ್ಟಿಕೊಟ್ಟಿದ್ದರು. ಮಧ್ಯಾಹ್ನಕ್ಕೆ ಅದು ವಾಪಸು ಬಂದಿತ್ತು.

"ಏನು ತೆಗೆದೆ? ಒಂದಕ್ಷರ ಮುಟ್ಟಿಲ್ಲ ನಾನು." ಚಿಕ್ಕಮ್ಮ ಕನ್ನಡಕವನ್ನು ಹಣೆಗೇರಿಸಿದರು. "ಸಾಲುಸಾಲಿಗೂ ಸಣ್ಣಸಣ್ಣ ಅಂಕಿ, ನೊಣ ಕೂತ ಹಾಗೆ! ಅಷ್ಟನ್ನ ಓಡಿಸ್ದೆ. ಪುಟದ ಕೊನೇಲಿ ಬರೀ ಪುಸ್ತಕದ ಹೆಸರು ಇದ್ವಲ್ಲ, ಯಾರು ಓದ್ತಾರೆ ಅಂತ ಬಿಟ್ಟೆ. ಈಗ ನೋಡು, ಮುತ್ತು ಪೋಣಿಸಿದ ಹಾಗಿದೆ."

ಚಿಕ್ಕಮ್ಮನ ಅಚ್ಚುಕಟ್ಟು ಆ ಬೀದಿಗೆಲ್ಲ ಗೊತ್ತು. ಬಾಡಿಗೆ ಕರಾರಿರಲಿ, ರಜೆಯ ಅರ್ಜಿಯಿರಲಿ, ಅವರ ಕೈಯಿಂದ ಹೊರಬಿದ್ದ ಹಾಳೆಯಲ್ಲಿ ಒಂದು ಚುಕ್ಕೆ ಅತ್ತಿತ್ತ ಆಗುವಂತಿರಲಿಲ್ಲ. ಆದರೆ ಅಡಿಟಿಪ್ಪಣಿ ಎಂಬ ಪ್ರಾಣಿಯನ್ನು ಅವರು ಕಂಡವರಲ್ಲ, ಪಾಪ. ಗುಬ್ಬಿಯಾದರೂ ಒಮ್ಮೆ ತಿರುವಿ ನೋಡಬಾರದಿತ್ತೇ? ಮೂಲೆ ಮಡಚಿಕೊಂಡೀತು, ಬಿಚ್ಚಬೇಡ ಎಂದಿದ್ದರು ಚಿಕ್ಕಮ್ಮ. ಇವಳು ಹಾಗೇ ಕಾಲೇಜಿಗೆ ಒಯ್ದು ಮೇಡಂ ಮೇಜಿನ ಮೇಲಿಟ್ಟಿದ್ದಳು.

"ಇದು ಕದ್ದ ಬರಹ ಅಂದ್ರು ಮೇಡಂ," ಎಂದಳು. ಸೆರಗಿನಲ್ಲಿ ಅಲ್ಲ, ಅಂಗೈಯಲ್ಲೇ ಕಣ್ಣೊರೆಸಿಕೊಂಡಳು. "ಆ ಅಂಕಿಯಿಂದಲೇ ಯಾವ ಮಾತು ಯಾರದು ಅಂತ ಗೊತ್ತಾಗೋದು. ಅದಿಲ್ದಿದ್ರೆ ಕಂಡೋರ ಮಾತೆಲ್ಲ ನಂದೇ ಅಂದ ಹಾಗೆ. ನಾಳೆ ಸಂಜೆಯೊಳಗೆ ಸರಿ ಮಾಡಿ ಕೊಡದಿದ್ರೆ ನನ್ನ ಒಂದು ವರ್ಷ ಹೋಯ್ತು."

ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ಹಳೆಯ ಪ್ರತಿ ಎಲ್ಲೂ ಇರಲಿಲ್ಲ, ಕಂಪ್ಯೂಟರಿನಲ್ಲಿ ಅದರ ಮೇಲೆಯೇ ಹೊಸದನ್ನು ಉಳಿಸಿದ್ದರು.

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಹಣೆ ಚಚ್ಚಿಕೊಂಡರು. ಮರುಕ್ಷಣ ಎದ್ದು ಬಾಗಿಲನ್ನು ಅರ್ಧ ಎಳೆದು, ಗಿರಾಕಿಗಳ ಸ್ಟೂಲನ್ನು ತಮ್ಮ ಪಕ್ಕಕ್ಕೆ ಸರಿಸಿದರು. "ಅಳೋದು ಆಮೇಲೆ. ಪುಸ್ತಕ ತಗೊಂಡು ಬಾ, ಓಡು."

ವಯಸ್ಸಾದವರು ಊರಿನ ಬೀದಿಗಳಲ್ಲಿ ಹೇಗೆ ಓಡಾಡುತ್ತಾರೆ ಎಂಬುದು ಗುಬ್ಬಿಯ ವಿಷಯ. ಅದಕ್ಕಾಗಿ ಓದಿದ ಪುಸ್ತಕಗಳೆಲ್ಲ ಇನ್ನೂ ಮನೆಯಲ್ಲೇ ಇದ್ದವು, ಪುಟಗಳ ನಡುವೆ ಗುರುತಿನ ಚೀಟಿಗಳ ಸಮೇತ. ಚಿಕ್ಕಮ್ಮ ಒಂದೊಂದೇ ಸಾಲು ಓದಿ "ಇದು ಯಾರದ್ದು?" ಎನ್ನುವರು. ಗುಬ್ಬಿ ಚೀಟಿ ಹುಡುಕಿ ಪುಟ ತೆಗೆಯುವಳು.

"ಇಲ್ಲಿ ಅವರ ಮಾತನ್ನೇ ಎತ್ತಿದೀನಿ. ಉದ್ಧರಣ ಚಿಹ್ನೆ ಹಾಕಿ, ಪುಟದ ಸಂಖ್ಯೇನೂ ಬೇಕು."

"ಇದು ನೀನು ಮಾತಾಡಿದ ಹಾಗೇ ಇದೆಯಲ್ಲೇ. ಇದಕ್ಕೂ ಯಾಕೆ?"

"ಮಾತು ನಂದು ಚಿಕ್ಕಮ್ಮ, ವಿಚಾರ ಅವರದು."

"ಓಹೋ. ಬಟ್ಟೆ ಪಕ್ಕದ್ಮನೇದು, ಹೊಲಿಗೆ ನಿಂದು!"

ಗುಬ್ಬಿಗೆ ಅಳುವಿನ ನಡುವೆಯೂ ನಗು ಬಂತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೊನೆಯ ಅಧ್ಯಾಯ ತಲುಪಿದ್ದರು. ಚಿಕ್ಕಮ್ಮ ಗಟ್ಟಿಯಾಗಿ ಓದಿದರು: "ಕೂರಲು ಬೆಂಚಿಲ್ಲದ ಬೀದಿಯಲ್ಲಿ ವಯಸ್ಸಾದವರು ಅಂಗಡಿಯ ಗಾಜಿನ ಮುಂದೆ ನಿಲ್ಲುತ್ತಾರೆ. ಸಾಮಾನು ನೋಡುವ ನೆಪದಲ್ಲಿ ಕಾಲಿಗೆ ವಿಶ್ರಾಂತಿ ಕೊಡುತ್ತಾರೆ. ಇದು ಯಾರದ್ದು?"

ಗುಬ್ಬಿ ಯಾವ ಪುಸ್ತಕವನ್ನೂ ಎತ್ತಿಕೊಳ್ಳಲಿಲ್ಲ. "ಅದಕ್ಕೆ ಬೇಡ. ಅದು ನಾನೇ ನೋಡಿದ್ದು."

"ಎಲ್ಲಿ ನೋಡಿದ್ದೆ?"

ಗುಬ್ಬಿ ಚೀಟಿಗಳನ್ನು ಸುಮ್ಮನೆ ಜೋಡಿಸತೊಡಗಿದಳು. ಚಿಕ್ಕಮ್ಮ ಆ ಸಾಲನ್ನು ಇನ್ನೊಮ್ಮೆ ಓದಿಕೊಂಡರು, ಈ ಸಲ ಮನಸ್ಸಿನಲ್ಲೇ. ಆಮೇಲೆ ಮುಂದಿನ ಸಾಲಿಗೆ ಬೆರಳಿಟ್ಟರು.

ಸಂಜೆ ಮೇಡಂ ಪುಟಗಳ ಮೇಲೆ ಬೆರಳಾಡಿಸುತ್ತ ಹೋಗಿ ಅಂಕಿಯಿಲ್ಲದ ಆ ಸಾಲಿನ ಹತ್ತಿರ ತಡೆದರು.

"ಇದು?"

"ನಾನು ಕಂಡಿದ್ದು, ಮೇಡಂ."

ಮೇಡಂ ಇನ್ನೊಮ್ಮೆ ಓದಿದರು. "ಚೆನ್ನಾಗಿ ಕಂಡಿದೀಯ," ಎಂದು ಸಹಿ ಹಾಕಿದರು.

ಗೇಟಿನ ಬಳಿ ಕಾದಿದ್ದ ಚಿಕ್ಕಮ್ಮನಿಗೆ ಇವಳ ಮುಖ ನೋಡಿಯೇ ಹೋದ ಜೀವ ಬಂದಂತಾಯಿತು. ಇಬ್ಬರೂ ಮನೆಯ ಕಡೆ ಹೊರಟರು. ಪಾತ್ರೆ ಅಂಗಡಿಯ ಗಾಜಿನ ಮುಂದೆ ಚಿಕ್ಕಮ್ಮ ಯಾವಾಗಿನಂತೆ ನಿಂತರು. ಗುಬ್ಬಿಯೂ ಯಾವಾಗಿನಂತೆ ಪಾತ್ರೆಗಳನ್ನು ನೋಡತೊಡಗಿದಳು.

"ಆ ದೊಡ್ಡ ಡಬ್ಬಿ ಇದೆಯಲ್ಲ..." ಎಂದು ಶುರುಮಾಡಿದ ಚಿಕ್ಕಮ್ಮ ಅಲ್ಲಿಗೇ ಬಿಟ್ಟರು.

"ಮಂಡಿ ನೋಯ್ತಿದೆ ಕಣೇ," ಎಂದರು.

ಗುಬ್ಬಿ ತೋಳು ಕೊಟ್ಟಳು. ಗಾಜಿಗೆ ಬೆನ್ನು ಮಾಡಿ, ಬೀದಿ ನೋಡುತ್ತ, ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತರು.