ನೀಲಿ ಅಂಚು

"ಗದ್ದ ಸ್ವಲ್ಪ ಕೆಳಗೆ ಮಾಡಮ್ಮ," ಎಂದ ಫೋಟೋಗ್ರಾಫರ್. ಹುಡುಗಿ ಗದ್ದ ಇಳಿಸಿದಳು. ಅದರ ಜೊತೆಗೆ ಕಣ್ಣೂ ಇಳಿಯಿತು.

ಪದವಿ ಪ್ರದಾನದ ದಿನ ಈ ಯೂನಿವರ್ಸಿಟಿಯ ಅಂಗಳದಲ್ಲಿ ಇಪ್ಪತ್ತು ವರ್ಷದಿಂದ ಕ್ಯಾಮೆರಾ ಹೂಡುತ್ತಿದ್ದವನು ಅವನು. ಹುಡುಗರ ಬಾಯಲ್ಲಿ ಗದ್ದದಣ್ಣ. ಒಳ್ಳೆಯ ಫೋಟೋ ಎಂದರೆ ಅವನಿಗೆ ನಗುವಲ್ಲ, ಒಪ್ಪ. ಟೋಪಿಯ ಗೊಂಡೆ ಎಡಕ್ಕೇ ಇರಬೇಕು, ಕಾಲರು ಮಡಚಿರಬಾರದು, ಹಿಂದಿನ ಮರದ ಕೊಂಬೆ ತಲೆಗೆ ಕೋಡು ಮೂಡಿಸಬಾರದು. ಐವತ್ತು ವರ್ಷ ಗೋಡೆ ಮೇಲಿರುವ ವಸ್ತು, ತಪ್ಪಿದ್ದರೆ ನಾವು ಸತ್ತ ಮೇಲೂ ತಪ್ಪೇ, ಎನ್ನುತ್ತಿದ್ದ.

ಹುಡುಗಿಯ ಪಕ್ಕದಲ್ಲಿ ಅವಳ ಅಪ್ಪ. ದರ್ಜಿ. ಹಿಗ್ಗು ತಡೆಯಲಾರದೆ ಕೇಳದಿದ್ದರೂ ಎಲ್ಲವನ್ನೂ ಹೇಳಿ ಮುಗಿಸಿದ್ದರು. ಗೌನು ಬಾಡಿಗೆಗೆ ಸಿಗುತ್ತದಂತೆ. ದರ್ಜಿ ಮಗಳು ಕಂಡವರ ಬಟ್ಟೆ ತೊಡುವುದುಂಟೇ ಎಂದು ರೇಗಿ ತಾವೇ ಹೊಲಿದಿದ್ದರು. ಹೆಗಲ ಪಟ್ಟಿಗೆ ನೀಲಿ ಅಂಚು, ಮಗಳು ಹೇಳಿದ ಬಣ್ಣವೇ. ಅವಳು ವೇದಿಕೆ ಹತ್ತಲಿಲ್ಲವೆಂದು ಮಾತ್ರ ತುಸು ಬೇಸರ. ಮೊದಲ ಹತ್ತು ಜನರನ್ನಷ್ಟೇ ಕರೆಯುತ್ತಾರಂತೆ, ಉಳಿದವರಿಗೆ ಅಂಗಳದಲ್ಲಿ ಫೋಟೋ ಅಷ್ಟೇ ಅಂತೆ.

"ಮಗಳು ಡಾಕ್ಟ್ರಾ?" ಎಂದ ಫೋಟೋಗ್ರಾಫರ್.

"ಅಯ್ಯೋ, ಅಷ್ಟೆಲ್ಲ ಇಲ್ಲಪ್ಪ. ಕಾಮರ್ಸು."

"ಹಾಗಾದ್ರೆ ಅಂಚು ಹಳದಿ ಇರ್ಬೇಕಲ್ಲ. ನೀಲಿ ಡಾಕ್ಟ್ರುಗಳದ್ದು."

ಬಾಯಿ ಮುಚ್ಚಿಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತೋ! ಅಪ್ಪನ ಮುಖ ಚಿಕ್ಕದಾಯಿತು. ಮಗಳನ್ನು ಅವರು ಅನುಮಾನಿಸಲೇ ಇಲ್ಲ. ಮಿಷನ್ನಿನ ಸದ್ದಿನಲ್ಲಿ ನಾನೇ ತಪ್ಪು ಕೇಳಿಸಿಕೊಂಡೆನೇನೋ, ಇಂಥ ದಿನವೇ ಕೈ ಕೆಟ್ಟಿತಲ್ಲ, ಎಂದು ಪೇಚಾಡಿದರು. ಫೋಟೋಗ್ರಾಫರನಿಗೆ ಅಯ್ಯೋ ಅನಿಸಿತು. ಉಪಕಾರ ಮಾಡಲು ಹೋಗಿ, ಸಭಾಂಗಣದ ಬಾಗಿಲಲ್ಲಿ ಬಾಡಿಗೆ ಗೌನಿನ ಮೇಜಿದೆ, ಹೆಸರು ಹೇಳಿದರೆ ಪಟ್ಟಿ ನೋಡಿ ಹಳದಿ ಅಂಚಿನದು ಕೊಡುತ್ತಾರೆ, ಎಂದುಬಿಟ್ಟ. ಬೇಡಪ್ಪಾ ಎಂದು ಮಗಳು ಬಾಯಿ ತೆರೆಯುವಷ್ಟರಲ್ಲಿ ಅವರು ಜನರ ನಡುವೆ ನುಗ್ಗಿದ್ದರು.

"ಅಪ್ಪನ್ನ ಕರೀರಿ," ಎಂದಳು. "ದಮ್ಮಯ್ಯ ಅಣ್ಣ, ಕರೀರಿ. ಅಲ್ಲಿ ನನ್ನ ಹೆಸರಿಲ್ಲ."

ಎರಡನೇ ವರ್ಷದಲ್ಲೇ ಫೇಲಾಗಿದ್ದಳು. ಆಮೇಲೆ ಪ್ರತಿದಿನ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಮನೆಯಿಂದ ಹೊರಟು, ಸಂಜೆಯವರೆಗೆ ಸೋಪಿನ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದಳು. ಇದನ್ನು ಅವಳು ಎರಡೇ ಮಾತಿನಲ್ಲಿ ಹೇಳಿದಳು. ಅಷ್ಟರೊಳಗೆ ಅವನು ಎರಡು ಸಲ ಯಜಮಾನ್ರೇ ಎಂದು ಕೂಗಿದ್ದ. ಆ ಗಲಾಟೆಯಲ್ಲಿ ಯಾರಿಗೆ ಕೇಳೀತು?

ಇಬ್ಬರೂ ನೋಡುತ್ತ ನಿಂತರು. ಮೇಜಿನ ಗುಮಾಸ್ತೆಯ ಬೆರಳು ಪಟ್ಟಿಯ ಮೇಲೆ ಇಳಿಯಿತು, ಹತ್ತಿತು, ಹಾಳೆ ಮಗುಚಿತು. ಅಪ್ಪ ಅಂಗೈ ಮೇಲೆ ಹೆಸರು ಬರೆದು ತೋರಿಸಿದರು. ಗುಮಾಸ್ತೆ ಮತ್ತೆ ಹುಡುಕಿ, ಇಲ್ಲವೆಂದು ತಲೆಯಾಡಿಸಿ, ಏನೋ ಕೇಳಿದಳು. ಹಿಂದಿನವರು ತಳ್ಳುವವರೆಗೆ ಅಪ್ಪ ಅಲ್ಲೇ ನಿಂತಿದ್ದರು.

ವಾಪಸು ಬಂದು ಮಗಳ ಪಕ್ಕ ಮೊದಲಿನ ಜಾಗದಲ್ಲೇ ನಿಂತರು. ಅವಳ ಹೆಗಲ ಪಟ್ಟಿ ಜಾರಿತ್ತು, ಸರಿಮಾಡಿದರು.

"ನೀಲಿನೇ ಸರಿಯಂತೆ," ಎಂದರು. "ಈ ವರ್ಷದಿಂದ ಬದಲಾಯಿಸಿದಾರಂತೆ. ತೆಗೀರಿ."

ನಾಲ್ಕು ಮಾರು ದೂರದಲ್ಲಿ ಕಾಮರ್ಸಿನವರೆಲ್ಲ ಹಳದಿ ಅಂಚಿನಲ್ಲಿ ಟೋಪಿ ಎಸೆಯುತ್ತಿದ್ದರು.

"ಅಪ್ಪಾ..." ಎಂದಳು.

"ಮುಂದೆ ನೋಡು."

ಫೋಟೋಗ್ರಾಫರ್ ಗುಂಡಿ ಒತ್ತಿದ. ಗದ್ದ, ಗೊಂಡೆ, ಕಾಲರು ಯಾವುದನ್ನೂ ಅವನು ಸರಿಪಡಿಸಲಿಲ್ಲ.

ಗೌನು ಕಳಚಲು ಇಬ್ಬರಿಗೂ ನೆನಪಾಗಲಿಲ್ಲ. ಗೇಟಿನಾಚೆಯ ಬಸ್ ಸ್ಟಾಪಿನಲ್ಲಿ ಅವಳು ಬಿಸಿಲಿಗೆ ಅದನ್ನೇ ತೊಟ್ಟು ನಿಂತಳು, ಅಪ್ಪ ಎರಡು ಹೆಜ್ಜೆ ಆಚೆ. ಬೆಂಚಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದು ಹುಡುಗಿಯ ಕೆನ್ನೆ ಸವರಿ, ಅಪ್ಪನ ಕಡೆ ತಿರುಗಿ, ಪುಣ್ಯ ಮಾಡಿದ್ದಿ ಕಣಪ್ಪ, ಎಂದಳು. ಅವರು ಕೈಮುಗಿದರು. ಬಸ್ಸು ಬಂದು ನಿಂತರೂ ಮುಗಿದ ಕೈ ಹಾಗೇ ಇತ್ತು.