ಕಾಯುವುದಕ್ಕೊಂದು ಗಡುವು

ಕೋಲಾರದ ರೇಷ್ಮೆಗೂಡಿನ ಖಾಸಗಿ ಮಂಡಿಯೊಂದರ ಮಹಡಿಯಲ್ಲಿ ನಮ್ಮ ಆಫೀಸು. ೧೯೮೮ನೇ ಇಸವಿ. ಇದ್ದದ್ದು ಒಂದೇ ಕಂಪ್ಯೂಟರು, ಅದರ ಸುತ್ತ ಮೂವರು: ಮೇಲಧಿಕಾರಿ ಅಶ್ವತ್ಥಪ್ಪ ಸಾರ್, ಕದಿರೇಶ, ಶ್ಯಾಮಲಮ್ಮ ಅಂದರೆ ನಾನು. ತೂಕದ ಚೀಟಿ ಅಚ್ಚುಹಾಕಲು ಸಾರ್ ತಾವೇ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ. ಅದನ್ನು ಕಂಡರೆ ಅವರಿಗೆ ಹೆತ್ತ ಮಗುವಿಗಿಂತ ಮುದ್ದು.

ಮಗುವಿಗೆ ಒಂದು ರೋಗವಿತ್ತು. ಪ್ರಿಂಟರು ಚೀಟಿ ಕೊರೆಯುತ್ತಾ ಕೂತರೆ, ಅದು ಮುಗಿಯುವ ತನಕ ಕಂಪ್ಯೂಟರು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಕೆಳಗೆ ಗೂಡಿನ ಬುಟ್ಟಿ ಹೊತ್ತ ರೈತರು ನಮ್ಮ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಹಾಗಾಗಿ ಪ್ರಿಂಟರಿಗೆ ಕೆಲಸ ಒಪ್ಪಿಸಿ ಮುಂದೆ ಹೋಗುವುದು, ಮುಗಿಯಿತು ಎಂದು ಅದರ ಉತ್ತರ ಬಂದಾಗ ತೆಗೆದುಕೊಳ್ಳುವುದು ಎಂಬ ಹೊಸ ಏರ್ಪಾಡು ಭಾಷೆಗೆ ಬೇಕಾಯಿತು. ಅದನ್ನು ಬರೆಯುವುದು ಹೇಗೆ ಎಂದು ದೀಪಾವಳಿಯಿಂದ ಕಚ್ಚಾಡುತ್ತಿದ್ದೆವು. ಉತ್ತರ ಬೇಕಾದ ಸಾಲಿನಲ್ಲಿ ‘ಕಾಯು’ ಎಂದು ಬರೆದರೆ ಸಾಕು ಎಂದು ಸಾರ್. ಏನೂ ಬರೆಯುವುದೇ ಬೇಡ, ಯಂತ್ರವೇ ತಿಳಿದುಕೊಳ್ಳಲಿ ಎಂದು ಕದಿರೇಶ. ಮೈ ನೋಯದ ದಾರಿಯೇ ಅವನಿಗೆ ಯಾವಾಗಲೂ ಇಷ್ಟ. ಎಷ್ಟು ಹೊತ್ತು ಕಾಯಬೇಕು, ಉತ್ತರ ಬರದಿದ್ದರೆ ಏನು ಮಾಡಬೇಕು ಅಂತಲೂ ಬರೆಯಬೇಕು ಎಂದು ನಾನು. ಬರದೆ ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರೂ ನಕ್ಕರು.

ನಗುವವರಿಗೇನು, ಕಾಯುತ್ತಿದ್ದವಳು ನಾನು. ಯುಗಾದಿ ಕಳೆದ ಮೇಲೆ ಯಲ್ದೂರಿನಿಂದ ಗಂಡಿನ ಕಡೆಯವರು ಬಂದು, ಕೇಸರಿಬಾತು ಎರಡೆರಡು ಸಲ ಹಾಕಿಸಿಕೊಂಡು, ಊರಿಗೆ ಹೋಗಿ ಹೇಳಿಕಳಿಸ್ತೀವಿ ಅಂದು ಹೋದವರು ಪತ್ತೆಯೇ ಇಲ್ಲ. ಒಬ್ಬರ ಮಾತು ಬಾಕಿ ಇರುವಾಗ ಇನ್ನೊಬ್ಬರಿಗೆ ಹೆಣ್ಣು ತೋರಿಸಬಾರದು, ನಾವಾಗಿ ಕೇಳಲೂಬಾರದು ಎಂದು ಅಪ್ಪ. ಆ ಗಂಡಿನ ಮೇಲೆ ನನಗೇನೂ ಆಸೆ ಇರಲಿಲ್ಲ. ಮಹಾಶಯ ನನಗಿಂತ ನಮ್ಮ ಫ್ಯಾನನ್ನೇ ಹೆಚ್ಚು ನೋಡಿದ್ದ. ಹೊಟ್ಟೆ ಉರಿದದ್ದು ಕೆಲಸದ ವಿಷಯಕ್ಕೆ. ಆಫೀಸಿನಲ್ಲಿ ಕಾಯಂ ಹುದ್ದೆ ಒಂದೇ ಇತ್ತು. ನನ್ನ ಹೆಸರನ್ನು ಮಾಲೀಕರಿಗೆ ಕಳಿಸಿ ಎಂದರೆ ಸಾರ್, “ಗಂಡಿನ ಕಡೆಯವರ ಉತ್ತರ ಬರ್ಲಿ ಕಣಮ್ಮ, ಆಮೇಲೆ ನೋಡೋಣ” ಅನ್ನುತ್ತಿದ್ದರು. ನನ್ನ ನಂತರ ಸೇರಿದ ಕದಿರೇಶ, ಹುದ್ದೆ ತನಗೇ ಎಂದು ಆಗಲೇ ಹೊಸ ಷರಟು ಹೊಲಿಸಿದ್ದ.

ಒಂದು ಶನಿವಾರ ಸಾರ್ ತಮ್ಮ ‘ಕಾಯು’ವನ್ನು ಓಡಿಸಿಯೇ ಬಿಟ್ಟರು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಕಂಪ್ಯೂಟರು ಮುಂದಿನ ತೂಕ ತೆಗೆದುಕೊಂಡು, ‘ಕಾಯು’ ಬಂದಲ್ಲಿ ಪ್ರಿಂಟರಿನ ಉತ್ತರಕ್ಕಾಗಿ ನಿಂತದ್ದು ನಿಂತೇ ಇತ್ತು. ಕೆಳಗಿನ ಬೈಗುಳ ಮಹಡಿ ಹತ್ತಿತು. ಕೊನೆಗೆ ಸಾರ್ ಸ್ವಿಚ್ಚು ಆರಿಸಿ, ಗಡುವು ಇರಲಿ ಎಂದು ಒಪ್ಪಿದರು. ನನ್ನ ವಿಷಯಕ್ಕೂ ಒಂದು ಗಡುವು ಹಾಕಿ ಅಂದೆ. ಮೆಷಿನ್ನು ಬೇರೆ, ಮನೆತನ ಬೇರೆ ಅಂದರು.

ಮರುದಿನ ಅಪ್ಪನಿಗೆ ಹೇಳದೆ ಯಲ್ದೂರಿನ ಬಸ್ಸು ಹತ್ತಿದೆ. ಹೆಣ್ಣೇ ನೇರವಾಗಿ ಬಂದದ್ದು ನೋಡಿ ಹುಡುಗನ ತಾಯಿ ಆಂಜಿನಮ್ಮ ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಹುಡುಗನಿಗೆ ಶ್ರಾವಣದಲ್ಲೇ ಮದುವೆಯಾಗಿತ್ತು. ಕಾಫಿ ತಂದುಕೊಟ್ಟವಳು ಸೊಸೆ.

“ಏಮಮ್ಮಾ, ಹೇಳಿಕಳಿಸ್ಲಿಲ್ಲ ಅಂದ್ರೆ ಬೇಡ ಅಂತಾನೇ ಅಲ್ವಾ?” ಎಂದರು ಆಂಜಿನಮ್ಮ. “ನಿಮ್ಮನೇಲಿ ಬಾಯಿ ಸಿಹಿ ಮಾಡ್ಕೊಂಡು, ಮುಖ ನೋಡಿ ಇಲ್ಲ ಅಂತ ಹೆಂಗನ್ನೋದು?”

ವಾಪಸು ಬಸ್ಸು ಹತ್ತುವಾಗ ಅವಮಾನವಾಗಿತ್ತು. ಶ್ರೀನಿವಾಸಪುರ ದಾಟುವಷ್ಟರಲ್ಲಿ ಸಿಟ್ಟು ಬಂತು. ಸಿಟ್ಟು ಆ ತಾಯಿಯ ಮೇಲಲ್ಲ. ಸಾರ್ ಹೇಳುತ್ತಿದ್ದ ‘ಆಮೇಲೆ ನೋಡೋಣ’ ಕೂಡ ಇದೇ ಜಾತಿಯ ಮಾತು ಎಂದು ಆಗ ಹೊಳೆಯಿತು.

ಸೋಮವಾರ, ಉತ್ತರ ಬಂತು ಸಾರ್, ಬೇಡವಂತೆ ಎಂದೆ. ಸಾರ್ ಲೊಚಗುಟ್ಟಿದರು. ಇನ್ನೊಂದು ಗಂಡು ಬರುತ್ತೆ, ಅದೂ ಒಂದು ತೀರ್ಮಾನವಾಗಲಿ ಎಂದು ಶುರುಮಾಡಿದರು. ನಾನು ಕುರ್ಚಿ ಎಳೆದು ಅವರೆದುರಿಗೆ ಕೂತೆ.

“ಊಟದ ಹೊತ್ತಿನ ತನಕ ಕಾಯ್ತೀನಿ ಸಾರ್. ನನ್ನ ಹೆಸರು ಕಳಿಸಲ್ಲ ಅನ್ನೋದಾದ್ರೆ ನನ್ನ ಮುಖ ನೋಡಿ ಇಲ್ಲ ಅಂತ ಬಾಯ್ಬಿಟ್ಟು ಹೇಳಿ. ಎದ್ದು ಹೋಗ್ತೀನಿ.”

ಸಾರ್ ಕೂಡ ಇದೇ ಸೀಮೆಯ ಮುಳಬಾಗಿಲಿನವರು. ಹುಟ್ಟಿದಾಗಿನಿಂದ ಯಾರಿಗೂ ಎದುರಿಗೆ ಇಲ್ಲ ಅಂದವರಲ್ಲ. ಕೆಮ್ಮಿದರು, ಕನ್ನಡಕ ಒರೆಸಿದರು, ಕದಿರೇಶನನ್ನು ಕಾಫಿಗೆ ಅಟ್ಟಿದರು. ಕದಿರೇಶ ಫ್ಲಾಸ್ಕು ಹಿಡಿದು ಬರುವಷ್ಟರಲ್ಲಿ, ಮಾಲೀಕರಿಗೆ ಹೋಗುವ ಹಾಳೆಯಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದ್ದರು, ಒಂದು ಸಲವೂ ನನ್ನ ಮುಖ ನೋಡದೆ.